ತಿರುಪಿನ ಮೇಲಿನ ಕೆಂಪು ಚುಕ್ಕೆ

ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ವಾಪಸ್ಸು ಬಂದು ಇನ್ನೊಮ್ಮೆ ಎಳೆದು ನೋಡದೆ ಚುಕ್ಕೆ ಮೇಸ್ತ್ರಿಗಳು ಒಂದು ದಿನವೂ ಮನೆಗೆ ಹೋದವರಲ್ಲ. ಬೀಗದ ಮೇಲೆ ಅನುಮಾನ ಅಂತಲ್ಲ. ಮೊದಲ ಸಲ ಎಳೆದು ನೋಡಿದ್ದು ಸರಿಯಾಗಿತ್ತೋ ಇಲ್ಲವೋ ಎಂದು ಅನುಮಾನ. ತಮ್ಮ ಕೈಯನ್ನೇ ಎರಡು ಸಲ ವಿಚಾರಿಸುವ ಮನುಷ್ಯ ಬೇರೆಯವರ ಕೈಯನ್ನು ಎಷ್ಟು ನಂಬಿಯಾರು?

ಅವರದು ಹೊಲಿಗೆ ಮಿಷನ್ ರಿಪೇರಿಯ ಕಸುಬು. ಕ್ಷೌರದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಎಂಟಡಿ ಅಗಲದ ಮಳಿಗೆ. ಒಳಗೆ ಗೋಡೆಯುದ್ದಕ್ಕೂ ಬಿಚ್ಚಿಟ್ಟ ಮಿಷನ್‌ಗಳು, ಮೇಲೆ ಹಲಗೆಯಲ್ಲಿ ಬಿಸ್ಕತ್ತಿನ ಹಳೇ ಡಬ್ಬಿಗಳು, ಡಬ್ಬಿಗಳಲ್ಲಿ ಗಾತ್ರಕ್ಕೊಂದರಂತೆ ವಿಂಗಡಿಸಿದ ತಿರುಪುಗಳು. ಅರುವತ್ತು ದಾಟಿದ ಮೇಸ್ತ್ರಿಗಳು ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದರು. ಬಾಗಿಲಿಗೆ ಬೆನ್ನು ಹಾಕಿದರೆ ಯಾರು ಬಂದರು, ಏನು ಎತ್ತಿಕೊಂಡರು ಎಂದು ತಿಳಿಯುವುದು ಹೇಗೆ?

ಅವರಿಗೆ ಆ ಹೆಸರು ಬಂದದ್ದಕ್ಕೂ ಅನುಮಾನವೇ ಕಾರಣ. ಕಸುಬಿಗೆ ಇಳಿದ ಹೊಸದರಲ್ಲಿ ಒಂದು ಮನೆಯ ಮಿಷನ್ ಸರಿ ಮಾಡಿ ಬಂದಿದ್ದರು. ವಾರ ಕಳೆಯುವುದರೊಳಗೆ ಬೇರೆ ಯಾರೋ ರಿಪೇರಿಯವನು ಅದನ್ನು ಬಿಚ್ಚಿ, ಒಳಗೆ ದಾರ ಹಿಡಿಯುವ ಒಳ್ಳೆಯ ಶಟಲ್ ಹೊಡೆದುಕೊಂಡು, ಸವೆದದ್ದೊಂದನ್ನು ಕೂರಿಸಿ ಹೋಗಿದ್ದ. ಕಳ್ಳ ಎಂಬ ಮಾತು ಬಂದದ್ದು ಮಾತ್ರ ಇವರ ತಲೆಗೆ. ಆ ಮನೆಯೊಡತಿ ಅಕ್ಕಪಕ್ಕದವರೆಲ್ಲ ಕೇಳುವಂತೆ ಬೈದಿದ್ದಳು. ಅವತ್ತು ಮನೆಗೆ ಬಂದವರೇ ಹೆಂಡತಿಯ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಶೀಶೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಅಲ್ಲಿಂದಾಚೆಗೆ ತಾವು ಬಿಗಿದ ಪ್ರತಿ ತಿರುಪಿನ ಮೇಲೂ, ತಿರುಪಿನ ಅಂಚು ಮತ್ತು ತಗಡು ಎರಡನ್ನೂ ಹಿಡಿಯುವಂತೆ ಒಂದು ಕೆಂಪು ಚುಕ್ಕೆ. ಬೇರೆಯವರು ತಿರುಪು ತಿರುಗಿಸಿದರೆ ಚುಕ್ಕೆ ಸೀಳುತ್ತದೆ. ಸೀಳಿದ ಚುಕ್ಕೆಗೆ ಮೇಸ್ತ್ರಿಗಳು ಜವಾಬ್ದಾರರಲ್ಲ. ಚುಕ್ಕೆ ನೆಟ್ಟಗಿದ್ದು ಮಿಷನ್ ಕೆಟ್ಟರೆ ಮೂರು ತಿಂಗಳವರೆಗೆ ಪುಕ್ಕಟೆ ರಿಪೇರಿ.

ಕಳ್ಳನನ್ನು ಹಿಡಿಯಲು ಇಟ್ಟ ಚುಕ್ಕೆಯೇ ಗಿರಾಕಿಯನ್ನು ಹಿಡಿಯಿತು. "ಚುಕ್ಕೆ ಇಡೋರನ್ನೇ ಕರೀರಿ" ಎಂದು ಹೆಂಗಸರು ಹೆಂಗಸರಿಗೆ ಹೇಳತೊಡಗಿದರು. ಮೇಸ್ತ್ರಿಗಳ ಉಳಿದ ಒಳ್ಳೆಯ ಅಭ್ಯಾಸಗಳೂ ಹೀಗೇ ಅನುಮಾನದ ಹೊಟ್ಟೆಯಲ್ಲಿ ಹುಟ್ಟಿದವು. ಮನೆಗೆ ಹೋದರೆ ಮೊದಲು ನೆಲದ ಮೇಲೆ ಹಳೇ ಪತ್ರಿಕೆ ಹಾಸುತ್ತಿದ್ದರು, ಆಮೇಲೆ ಎಣ್ಣೆ ಕಲೆ ನಿಮ್ಮದೇ ಅನ್ನಬಾರದಲ್ಲ. ತೆಗೆದ ಹಳೇ ಭಾಗವನ್ನು ಪೊಟ್ಟಣ ಕಟ್ಟಿ ಮನೆಯವರ ಕೈಗೇ ಕೊಡುತ್ತಿದ್ದರು, ಮಾರಿಕೊಂಡ ಅನ್ನಬಾರದಲ್ಲ. ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಹೋಗಿ ಬೀದಿಯ ತಿರುವಿನಲ್ಲಿ ನಿಂತು, ಗಡಿಯಾರ ನೋಡಿಕೊಂಡು ಬಾಗಿಲು ತಟ್ಟುತ್ತಿದ್ದರು. ಹಿಂದಿನ ರಿಪೇರಿಯವನನ್ನು ಮನಸ್ಸಿನೊಳಗೆ ಮಾತ್ರ ಬೈಯುತ್ತಿದ್ದರು. ಒಂದೊಂದು ಮಿಷನ್‌ಗೂ ಒಂದು ದಪ್ಪ ಪುಸ್ತಕದಲ್ಲಿ ಒಂದೊಂದು ಪುಟ; ಕೆಲಸ ಮುಗಿದ ಮೇಲೆ ಬಿಳಿ ಬಟ್ಟೆಯ ತುಂಡಿನ ಮೇಲೆ ಒಂದು ಗೆರೆ ಹೊಲಿದು, ತಾರೀಖು ಬರೆದು, ಆ ಪುಟಕ್ಕೆ ಅಂಟಿಸುತ್ತಿದ್ದರು. ನಾಳೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿ ಬೇಕಲ್ಲ!

ಇಷ್ಟೆಲ್ಲ ಇದ್ದೂ ಮೂವತ್ತು ವರ್ಷದಲ್ಲಿ ವ್ಯಾಪಾರ ಎಂಟಡಿಯಿಂದ ಒಂಬತ್ತಡಿ ಆಗಲಿಲ್ಲ. ಕಾರಣ ಸಣ್ಣದು: ಇನ್ನೊಬ್ಬರ ಕೈಗೆ ಅವರು ಸ್ಕ್ರೂಡ್ರೈವರ್ ಕೊಡುತ್ತಿರಲಿಲ್ಲ. ಕೆಲಸಕ್ಕೆ ಸೇರಿಸಿಕೊಂಡವರು ಇಲ್ಲವೆಂದಲ್ಲ. ಒಬ್ಬ ಜಾಸ್ತಿ ನಗುತ್ತಿದ್ದ, ಗಿರಾಕಿಗಳನ್ನು ಒಲಿಸಿಕೊಳ್ಳಲು ಎಂದು ಕಳಿಸಿಬಿಟ್ಟರು. ಇನ್ನೊಬ್ಬ ಹೊತ್ತಿಗೆ ಮೊದಲೇ ಬಂದು ಅಂಗಡಿ ಮುಂದೆ ನಿಲ್ಲುತ್ತಿದ್ದ, ಏನೋ ಹುನ್ನಾರ ಎಂದು ಅವನೂ ಹೋದ. ಮೂರನೆಯವನನ್ನು ಕಳಿಸಬೇಕಾಗಲಿಲ್ಲ. ಊಟದ ಡಬ್ಬಿ ತೆಗೆದು ತೋರಿಸು ಎಂದ ದಿನವೇ ಅವನು ಡಬ್ಬಿ ಸಮೇತ ಹೊರಟುಹೋದ.

ಹಾಗಿರುವಾಗ ಬಂದವನು ಅಳಿಯ.

ಮಗಳ ಗಂಡ ದೊಡ್ಡ ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಮಿಷನ್ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿದ್ದ. ಎರಡು ಬೀದಿಯಾಚೆ ಸಂಸಾರ. ಒಂದು ಭಾನುವಾರ ಊಟಕ್ಕೆ ಬಂದಾಗ ಮಗಳು, "ಅಪ್ಪಾ, ಇವರ ಫ್ಯಾಕ್ಟರಿ ಮುಚ್ಚಿಹೋಯ್ತು. ನಿನ್ನ ಜೊತೆಗೇ ಬರ್ಲಿ" ಅಂದಳು. ಮೇಸ್ತ್ರಿಗಳ ಹೆಂಡತಿ ತಟ್ಟೆಗೆ ಪಲ್ಯ ಹಾಕುತ್ತ, "ಬರ್ಲಿ ಬಿಡ್ರೀ, ಮನೆಯವರೇ ಅಲ್ವಾ" ಅಂದರು. ಬೇರೆ ಯಾರನ್ನಾದರೂ ಬೇಡ ಅನ್ನಬಹುದು, ಮನೆಯ ಅಳಿಯನಿಗೆ ಅನ್ನುವುದು ಹೇಗೆ? ಮೇಸ್ತ್ರಿಗಳು "ಅದಕ್ಕೇನಂತೆ ಅಳಿಯಂದ್ರೇ, ನಾಳೆಯಿಂದ್ಲೇ ಬನ್ನಿ" ಎಂದು ಬಾಯಲ್ಲಿ ಅಂದು, ಎಲ್ಲ ಡಬ್ಬಿಗಳ ತಿರುಪನ್ನೂ ಅವತ್ತೇ ಹೋಗಿ ಎಣಿಸಿ ಬಂದರು.

ಅಳಿಯನಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು, ಅದೇ ಅವರ ತಲೆ ಕೆಡಿಸಿತು. ಮಾತು ಕಡಿಮೆ. ಕೇಳಿದ್ದಕ್ಕೆ "ಹೂಂ ಮಾವ", ಕೇಳದಿದ್ದರೆ ಅದೂ ಇಲ್ಲ. ಕೊಟ್ಟ ಕೆಲಸ ಮುಗಿಸುತ್ತಿದ್ದ. ಎದುರಾಡುತ್ತಿರಲಿಲ್ಲ. ಗುಮ್ಮನಗುಸುಕ ಎಂದು ಮೇಸ್ತ್ರಿಗಳು ತೀರ್ಮಾನಿಸಿದರು. ಇಂಥವರ ಹೊಟ್ಟೆಯಲ್ಲಿ ಏನಿದೆ ಎಂದು ದೇವರಿಗೂ ತಿಳಿಯುವುದಿಲ್ಲ.

ಅದೂ ಅಲ್ಲದೆ ಆ ವರ್ಷ ಇಡೀ ಲೋಕವೇ ಅವರಿಗೆ ಮೋಸ ಮಾಡುತ್ತಿತ್ತು. ಬಲ್ಬಿನ ಕಂಪನಿಯವರು ಬೆಳಕು ಕಡಿಮೆ ಮಾಡಿದ್ದರು. ಮೂರು ಬಲ್ಬು ಬದಲಾಯಿಸಿದರೂ ಅಂಗಡಿಯಲ್ಲಿ ಮಬ್ಬು ಹೋಗಲಿಲ್ಲ. ಪತ್ರಿಕೆಯವರು ಶಾಯಿ ಉಳಿಸುತ್ತಿದ್ದರು. ಸೂಜಿ ಮಾಡುವವರಂತೂ ಸೂಜಿಯ ಕಣ್ಣನ್ನೇ ಕಿರಿದು ಮಾಡಿಬಿಟ್ಟಿದ್ದರು. "ಒಂದು ಚೂರು ಕಬ್ಬಿಣ ಉಳ್ಸೋಕೆ ನೋಡ್ತಾರೆ, ಜಿಪುಣರು" ಎಂದು ಮೇಸ್ತ್ರಿಗಳು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮಾಡಿ ಬೈಯುತ್ತಿದ್ದರು. ಅಳಿಯ ಏನೂ ಅನ್ನದೆ ದಾರ ಪೋಣಿಸಿ ಕೊಡುತ್ತಿದ್ದ.

ಆರು ತಿಂಗಳಾಗುವ ಹೊತ್ತಿಗೆ ಫೋನು ಜಾಸ್ತಿ ಬರತೊಡಗಿತು. ಹಿಂದೆ ದಿನಕ್ಕೆ ಎರಡು ಕರೆ ಬಂದರೆ ಹೆಚ್ಚು. ಈಗ ಐದು, ಆರು. ಗೊತ್ತಿಲ್ಲದ ಬೀದಿಗಳಿಂದ, ಗೊತ್ತಿಲ್ಲದ ಟೈಲರ್‌ಗಳು. ಇನ್ನೊಬ್ಬರಾಗಿದ್ದರೆ ಸಂತೋಷಪಡುತ್ತಿದ್ದರು. ಮೇಸ್ತ್ರಿಗಳ ಕಿವಿ ನೆಟ್ಟಗಾಯಿತು. ಮೂವತ್ತು ವರ್ಷ ಬಾರದ ಗಿರಾಕಿಗಳು ಈಗ ಯಾಕೆ ಬರುತ್ತಿದ್ದಾರೆ?

ಒಂದು ಬೆಳಿಗ್ಗೆ ರವಿಕೆ ಹೊಲಿಯುವ ಹೆಂಗಸೊಬ್ಬಳು ತರಕಾರಿ ಚೀಲ ಹಿಡಿದು ಅಂಗಡಿ ಮುಂದೆ ಹಾದುಹೋಗುತ್ತ, "ನಿನ್ನೆ ನಿಮ್ಮ ಅಳಿಯ ಬಂದಿದ್ರು, ಮಿಷನ್ ಈಗ ಬೆಣ್ಣೆ ಥರ ಓಡ್ತಿದೆ" ಅಂದಳು. ಅವಳ ಮಿಷನ್ ಅನ್ನು ಮೊನ್ನೆ ಮೇಸ್ತ್ರಿಗಳೇ ಕೈಯಾರೆ ಮಾಡಿ ಬಂದಿದ್ದರು. ಅಳಿಯನನ್ನು ಅಲ್ಲಿಗೆ ಕಳಿಸಿರಲಿಲ್ಲ. ಆದರೂ "ಹೌದೌದು, ನಾನೇ ಕಳ್ಸಿದ್ದು" ಅಂದುಬಿಟ್ಟರು. ಅನುಮಾನದ ಮನುಷ್ಯ ಮಾಡುವ ದೊಡ್ಡ ತಪ್ಪು ಇದೇ ನೋಡಿ. ಯಾಕೆ ಬಂದಿದ್ದ ಎಂದು ಒಂದು ಮಾತು ಅವಳನ್ನು ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆದರೆ ನೇರವಾಗಿ ಕೇಳಿದರೆ ಕಳ್ಳ ಎಚ್ಚರವಾಗುತ್ತಾನಲ್ಲ!

ಮಾರನೇ ದಿನ ಎಣ್ಣೆ ಬಿಡುವ ನೆಪದಲ್ಲಿ ಅವಳ ಮನೆಗೆ ಹೋದರು. ಮಿಷನ್ನಿನ ಹೊಟ್ಟೆಯ ಕೆಳಗೆ ಕೈ ತೂರಿಸಿ, ಶಟಲ್ ಹಿಡಿದಿದ್ದ ತಿರುಪಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು. ಇತ್ತೀಚೆಗೆ ಅವರು ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದರು. ಚುಕ್ಕೆ ಇತ್ತು. ಆದರೆ ಮೂರು ದಿನದ ಚುಕ್ಕೆ ಕಲ್ಲಿನಷ್ಟು ಗಟ್ಟಿಯಾಗಿರಬೇಕು. ಇದು ದಪ್ಪಗಿತ್ತು, ಉಗುರಿಗೆ ಇನ್ನೂ ಮೆತ್ತಗೆ ಸಿಗುತ್ತಿತ್ತು. ಯಾರೋ ತಿರುಪು ಬಿಚ್ಚಿ, ಮತ್ತೆ ಬಿಗಿದು, ಮೇಲೆ ಹೊಸ ಚುಕ್ಕೆ ಇಟ್ಟಿದ್ದರು. ಯಾರೋ ಏನು ಬಂತು! ತಮ್ಮ ಚುಕ್ಕೆಯನ್ನು ತಮ್ಮ ಮನೆಯವನೇ ಕಳ್ಳಸಹಿ ಮಾಡಿದ್ದ.

ಅಲ್ಲಿಂದ ಮೇಸ್ತ್ರಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ತಾವು ಹೋಗಿಬಂದ ಮನೆಗಳಿಗೆಲ್ಲ ಏನಾದರೊಂದು ನೆಪ ಹೂಡಿ ಹೋಗಿ ಉಗುರು ಆಡಿಸಿದರು. ಐದರಲ್ಲಿ ನಾಲ್ಕು ಕಡೆ ಮೆತ್ತನೆಯ ಚುಕ್ಕೆ. ಒಂದು ಮಧ್ಯಾಹ್ನ, ಮನೆಗೆ ಊಟಕ್ಕೆ ಹೋಗುತ್ತೇನೆ ಎಂದ ಅಳಿಯನ ಹಿಂದೆಯೇ ಬೀದಿಯ ಗೋಡೆ ಸವರಿಕೊಂಡು ಹೋದರು. ಅವನು ಮನೆಯ ಕಡೆ ತಿರುಗದೆ ಪರದೆ ಹೊಲಿಯುವ ಟೈಲರನ ಅಂಗಡಿಗೆ ಹೊಕ್ಕ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದು, ಒಂದು ಚೀಟಿಯ ಮೇಲೆ ಏನೋ ಬರೆದು ಟೈಲರನ ಕೈಗಿಟ್ಟ. ಅವನು ಹೋದ ಮೇಲೆ ಮೇಸ್ತ್ರಿಗಳು ಒಳಗೆ ಹೋಗಿ, ಸುಮ್ಮನೆ ಅದೂ ಇದೂ ಮಾತಾಡುತ್ತ ಮೇಜಿನ ಮೇಲಿದ್ದ ಚೀಟಿಯನ್ನು ಎತ್ತಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಅಳಿಯನ ಫೋನ್ ನಂಬರು.

"ಏನಾದ್ರೂ ತೊಂದ್ರೆ ಆದ್ರೆ ಮಾವನಿಗೆ ಫೋನ್ ಮಾಡ್ಬೇಡಿ, ನನಗೇ ಮಾಡಿ ಅಂದ್ರು" ಎಂದ ಟೈಲರ್, ಏನೂ ಅರಿಯದವನಂತೆ.

ಇನ್ನು ಏನು ಸಾಕ್ಷಿ ಬೇಕು? ಆದರೂ ಮೇಸ್ತ್ರಿಗಳು ಅರ್ಧಂಬರ್ಧ ಕೆಲಸದವರಲ್ಲ. ಒಂದು ದಿನ ಬಸ್ಸು ಹತ್ತಿ ಅಳಿಯ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಗೇಟಿಗೇ ಹೋದರು. ಮುಚ್ಚಿದೆ ಎಂದ ಫ್ಯಾಕ್ಟರಿಯ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು.

"ಮುಚ್ಚೋದಾ?" ಗೇಟಿನ ಕಾವಲುಗಾರ ನಕ್ಕ. "ಎರಡು ಪಾಳಿ ನಡೀತಿದೆ ಸ್ವಾಮಿ. ಆ ಮೆಕ್ಯಾನಿಕ್ಕಾ? ಒಳ್ಳೇ ಕೆಲಸಗಾರ. ದೊಡ್ಡವರು ಬೇಡ ಬೇಡ ಅಂದ್ರೂ ಕೇಳ್ದೆ ತಾನೇ ಬಿಟ್ಟು ಹೋದ್ರು. ಏನೋ ಸ್ವಂತದ್ದು ಮಾಡ್ತಾರೇನೋ."

ಸ್ವಂತದ್ದು. ವಾಪಸ್ಸು ಬರುವ ಬಸ್ಸಿನಲ್ಲಿ ಮೇಸ್ತ್ರಿಗಳಿಗೆ ಕೋಪಕ್ಕಿಂತ ಹೆಚ್ಚಾಗಿ ದುಃಖವಾಯಿತು. ಗಿರಾಕಿ ಹೋದರೆ ಹೋಗಲಿ, ಮಗಳು ತಮ್ಮ ಮುಖ ನೋಡಿಕೊಂಡು ಸುಳ್ಳು ಹೇಳಿದ್ದಳು. ತಟ್ಟೆಗೆ ಪಲ್ಯ ಹಾಕುತ್ತಿದ್ದ ಹೆಂಡತಿಗೂ ಗೊತ್ತಿತ್ತೇ? ಕಿಟಕಿಯಾಚೆ ದೀಪದ ಕಂಬಗಳ ಸುತ್ತ ಒಂದೊಂದು ಬಣ್ಣದ ಬಳೆ ಕಾಣುತ್ತಿತ್ತು. ಈ ದೀಪಗಳನ್ನೂ ಕೆಟ್ಟದ್ದು ಹಾಕಿದ್ದಾರೆ ಎಂದುಕೊಂಡರು.

ಆ ವಾರದಲ್ಲೇ ಯೂನಿಫಾರಂ ಮೇಡಂ ಅವರ ಫೋನು ಬಂತು. ಶಾಲೆ ಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಯ ಒಡತಿ, ನಲವತ್ತು ಮಿಷನ್. ವರ್ಷಪೂರ್ತಿ ನೋಡಿಕೊಳ್ಳುವವರು ಬೇಕಾಗಿತ್ತು. "ನಿಮ್ಮ ಪದ್ಧತಿ ಬಗ್ಗೆ ಕೇಳಿದ್ದೀನಿ. ನೀವಿಬ್ರೂ ಬನ್ನಿ, ಮೊದಲು ಮೂರು ಮಿಷನ್ ಮಾಡಿ ತೋರ್ಸಿ. ಸರಿಯಾಯ್ತು ಅಂದ್ರೆ ನಲವತ್ತೂ ನಿಮ್ಮದೇ" ಅಂದರು. ಮೇಸ್ತ್ರಿಗಳು ಫೋನ್ ಇಟ್ಟು ಲೆಕ್ಕ ಹಾಕಿದರು. ನಲವತ್ತು ಮಿಷನ್ ಎಂದರೆ ಎರಡು ಸಂಸಾರ ನೆಮ್ಮದಿಯಾಗಿ ನಡೆಯುವ ಕೆಲಸ. ಮೂವತ್ತು ವರ್ಷ ಒಬ್ಬೊಬ್ಬರ ಮನೆಯ ಬಾಗಿಲು ತಟ್ಟಿದ್ದಕ್ಕೆ ಈಗ ಬಾಗಿಲು ತಾನಾಗಿ ತೆರೆದಿತ್ತು. ಇದು ಕೈತಪ್ಪಿದರೆ ಈ ವಯಸ್ಸಿನಲ್ಲಿ ಇನ್ನೊಂದು ಬರುವುದಿಲ್ಲ. ಇಂಥದ್ದಕ್ಕೆ ಅಳಿಯನನ್ನು ಕರೆದುಕೊಂಡು ಹೋಗುವುದೆಂದರೆ ಬೀಗದ ಕೈಯನ್ನು ಕಳ್ಳನ ಜೇಬಿಗೆ ಹಾಕಿದಂತೆ.

ಭಾನುವಾರದ ಊಟಕ್ಕೆ ಮಗಳು ಅಳಿಯ ಬಂದರು. ಎರಡನೇ ತುತ್ತಿಗೇ ಮೇಸ್ತ್ರಿಗಳ ಬಾಯಿ ತೆರೆಯಿತು.

"ಅಳಿಯಂದ್ರೇ, ತಮ್ಮ ಹೊಸ ಅಂಗಡಿ ಬೋರ್ಡಿಗೆ ಯಾವ ಬಣ್ಣ ಅಂತ ತೀರ್ಮಾನ ಆಯ್ತಾ?"

ಅಳಿಯ ತಲೆ ಎತ್ತಿದ. "ಯಾವ ಅಂಗಡಿ ಮಾವ?"

"ಕೆಂಪೇ ಇರ್ಲಿ ಬಿಡಿ. ಹೇಗೂ ನನ್ನ ಚುಕ್ಕೆ ಇಡೋದು ಕಲ್ತಿದ್ದೀರಲ್ಲ. ನಾನು ಹೋದ ಮನೆಗೆಲ್ಲ ಹಿಂದಿಂದ ಹೋಗ್ತೀರಿ, ತಿರುಪು ಬಿಚ್ತೀರಿ, ಫೋನ್ ನಂಬರು ಕೊಡ್ತೀರಿ. ಫ್ಯಾಕ್ಟರಿ ಮುಚ್ಚಿಲ್ಲ. ಗೇಟಿಗೇ ಹೋಗಿ ನೋಡಿ ಬಂದಿದ್ದೀನಿ."

ಹೆಂಡತಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೇ ನಿಂತಿತು.

"ಅಪ್ಪಾ, ನೀನು ತಿಳ್ಕೊಂಡ ಹಾಗಲ್ಲ ಅದು, ನಿನ್ನ..." ಎಂದು ಮಗಳು ಶುರು ಮಾಡಿದಳು.

"ಬೇಡ" ಎಂದ ಅಳಿಯ. ಅವಳ ಕಡೆ ನೋಡಿ ಇನ್ನೊಮ್ಮೆ, ಮೆಲ್ಲಗೆ, "ಬೇಡ ಅಂದ್ನಲ್ಲ."

"ಹೇಳೋಕೆ ಬಾಯಿದ್ರೆ ತಾನೆ!" ಎಂದರು ಮೇಸ್ತ್ರಿಗಳು. ಅಳಿಯ ಎದ್ದು ಕೈ ತೊಳೆದು ಬಂದ. ಬಾಗಿಲ ಮೂಲೆಯಲ್ಲಿದ್ದ ತನ್ನ ಸಾಮಾನಿನ ಚೀಲದಿಂದ ಅತ್ತೆ ಹಟ ಹಿಡಿದು ಕೊಡಿಸಿದ್ದ ಅಂಗಡಿಯ ಇನ್ನೊಂದು ಬೀಗದ ಕೈ ತೆಗೆದು ಮಾವನ ತಟ್ಟೆಯ ಪಕ್ಕ ಇಟ್ಟ. "ನೀವು ಊಟ ಮಾಡಿ ಮಾವ" ಎಂದಷ್ಟೇ ಹೇಳಿ ಹೊರಟ. ಮಗಳು ಅಳುತ್ತ ಅವನ ಹಿಂದೆ ಹೋದಳು. ಹೆಂಡತಿ ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದರು. ತಾವು ಗೆದ್ದೆವೆಂದು ಮೇಸ್ತ್ರಿಗಳಿಗೆ ಖಾತ್ರಿಯಿತ್ತು, ಆದರೆ ಊಟ ಮಾತ್ರ ತಟ್ಟೆಯಲ್ಲೇ ಉಳಿಯಿತು.

ಸೋಮವಾರ ಒಬ್ಬರೇ ಯೂನಿಫಾರಂ ಕಾರ್ಖಾನೆಗೆ ಹೋದರು. ಹತ್ತು ನಿಮಿಷ ಮೊದಲೇ ಹೋಗಿ ಗೇಟಿನಾಚೆ ನಿಂತು, ಹೊತ್ತಿಗೆ ಸರಿಯಾಗಿ ಒಳಗೆ ಕಾಲಿಟ್ಟರು. ಉದ್ದನೆಯ ಹಜಾರ, ಎರಡು ಸಾಲು ಮಿಷನ್, ನೀಲಿ ಬಟ್ಟೆಯ ರಾಶಿ. "ಅಳಿಯ ಬರ್ಲಿಲ್ವಾ?" ಎಂದರು ಮೇಡಂ. "ಅವರಿಗೆ ಬೇರೆ ಕೆಲಸ ಇದೆ" ಎಂದರು ಮೇಸ್ತ್ರಿಗಳು. ಮಧ್ಯಾಹ್ನ ಕೆಲಸದ ಹೆಂಗಸರು ಊಟಕ್ಕೆ ಎದ್ದ ಹೊತ್ತಿನಲ್ಲಿ ಪತ್ರಿಕೆ ಹಾಸಿ, ಒಂದಾದ ಮೇಲೊಂದು ಮೂರು ಮಿಷನ್ ಬಿಚ್ಚಿದರು. ಸೂಜಿ ಕೆಳಗಿಳಿದು ಮೇಲೇಳುವ ಕ್ಷಣಕ್ಕೆ ಸರಿಯಾಗಿ ಶಟಲ್ಲಿನ ಮೂತಿ ಬಂದು ದಾರ ಹಿಡಿಯಬೇಕು. ಎರಡರ ನಡುವೆ ಒಂದು ಹಾಳೆಯಷ್ಟು ಸಂದು ಇರಬೇಕು. ಈ ಕಸುಬೆಲ್ಲ ಇರುವುದು ಆ ಹಾಳೆಯಷ್ಟು ಸಂದಿನಲ್ಲಿ. ಮೇಸ್ತ್ರಿಗಳು ಬಗ್ಗಿ, ಕಣ್ಣು ಕಿರಿದು ಮಾಡಿ, ಸಂದು ಕೂರಿಸಿ, ತಿರುಪು ಬಿಗಿದು, ಚುಕ್ಕೆ ಇಟ್ಟರು. ಈ ಸಲ ಶೀಶೆ ಯಾರ ಕೈಗೂ ಸಿಗದಿರಲೆಂದು ಒಳ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಕೈಯಿಂದ ಚಕ್ರವನ್ನು ನಿಧಾನ ತಿರುಗಿಸಿ ಬಿಳಿ ತುಂಡಿನ ಮೇಲೆ ಗೆರೆ ಹೊಲಿದು ಪುಸ್ತಕಕ್ಕೆ ಅಂಟಿಸಿದರು.

ಹೊರಡುವಾಗ ಮೇಡಂ ಕೇಳಿದರು: "ಹಾಗಾದ್ರೆ ನಾಳೆ ಅಳಿಯ ಬರ್ತಾರಲ್ಲ?"

"ಅವರ ಅಗತ್ಯವೇ ಇಲ್ಲಮ್ಮ. ನಾನು ಇಟ್ಟ ಚುಕ್ಕೆ ಇದೆಯಲ್ಲ."

ಮಾರನೇ ದಿನ ಹನ್ನೊಂದಕ್ಕೆ ಮೇಡಂ ಅವರೇ ಫೋನ್ ಮಾಡಿ ಕರೆಸಿದರು. ಮೇಸ್ತ್ರಿಗಳು ಹೋಗಿ ನೋಡಿದರೆ ಮೂರು ಮಿಷನ್ನೂ ನಿಂತಿದ್ದವು. ಪಕ್ಕದ ಮಿಷನ್‌ಗಳೆಲ್ಲ ಗರಗರ ಓಡುತ್ತಿರುವಾಗ ಈ ಮೂರರ ಮುಂದಿನ ಹೆಂಗಸರು ಕೈಕಟ್ಟಿ ಕೂತಿದ್ದರು. ಮೇಡಂ ಒಂದು ಪುಟ್ಟ ಲಂಗವನ್ನು ಮುಂದಿಟ್ಟರು. ಅಂಚಿನ ಹೊಲಿಗೆ ನಾಲ್ಕು ಹೆಜ್ಜೆ ನಡೆದು ಒಂದು ಹಾರಿತ್ತು, ಮತ್ತೆ ಮೂರು ನಡೆದು ಎರಡು ಹಾರಿತ್ತು.

ಮೇಸ್ತ್ರಿಗಳಿಗೆ ತಕ್ಷಣ ಹೊಳೆದದ್ದು ಒಂದೇ. "ಯಾರೋ ಬಿಚ್ಚಿದ್ದಾರೆ. ನಮ್ಮ ಅಳಿಯ ಇಲ್ಲಿಗೆ ಬಂದಿದ್ರಾ?"

"ಅವರು ಬರ್ಲಿಲ್ಲ ಅನ್ನೋದೇ ತೊಂದ್ರೆ ಆಗಿರೋದು" ಎಂದರು ಮೇಡಂ. ದನಿಯಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಿತ್ತು. "ರವಿಕೆ ಹೊಲಿಯೋ ಅಕ್ಕ, ಪರದೆ ಟೈಲರು ಎಲ್ಲ ಹೇಳಿದ್ದು ಅದನ್ನೇ. ಹಿರಿಯರು ಮೊದಲ ದಿನ ಮಾಡಿ ಹೋಗ್ತಾರೆ, ಎರಡನೇ ದಿನ ಅಳಿಯ ಬಂದು ಓಡ್ಸಿ ನೋಡಿ ಕೊನೇ ಹದ ಮಾಡಿಕೊಡ್ತಾರೆ, ಇದು ಅವರ ಅಂಗಡಿ ಪದ್ಧತಿ ಅಂತ. ರಿಪೇರಿ ಮಾಡಿದ ಮೇಲೆ ತಾವಾಗೇ ಮತ್ತೆ ಬಂದು ವಿಚಾರ್ಸೋರು ಈಗ ಯಾರಿದ್ದಾರೆ ಹೇಳಿ? ಅದಕ್ಕೇ ನಿಮ್ಮನ್ನ ಕರೆದೆ."

"ಪದ್ಧತಿ ಅಂತ ಯಾರು ಹೇಳಿದ್ದು?"

"ನಿಮ್ಮ ಅಳಿಯನೇ ಅಂತೆ. ಮಾವನ ಕಾಲದಿಂದ್ಲೂ ಹೀಗೇ ಅಂತ ಹೇಳ್ತಾರಂತೆ."

ಮೇಸ್ತ್ರಿಗಳು ನಂಬಲಿಲ್ಲ. ಹೆಂಗಸನ್ನು ಏಳಿಸಿ, ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಗುಚಿದರು. ಚುಕ್ಕೆ ಸೀಳಿರಬೇಕು. ಸೀಳೇ ಇರಬೇಕು. ಹೆಬ್ಬೆರಳಿನ ಉಗುರು ಆಡಿಸಿದರು. ತಿರುಪಿನ ತಲೆ ಬರಿದಾಗಿತ್ತು. ಚುಕ್ಕೆ ಎಲ್ಲಿ? ಬಟ್ಟೆಯ ಕಲೆ ನೋಡಲು ಇಟ್ಟಿದ್ದ ಭೂತಗನ್ನಡಿಯನ್ನು ಮೇಡಂ ತಂದು ಕೊಟ್ಟರು, ತಮ್ಮ ಫೋನಿನ ಬೆಳಕು ಬಿಟ್ಟರು.

ಚುಕ್ಕೆ ಇತ್ತು. ಸೀಳಿರಲಿಲ್ಲ, ಅಳಿಸಿರಲಿಲ್ಲ. ದುಂಡಗೆ, ಕೆಂಪಗೆ, ಗಟ್ಟಿಯಾಗಿ, ತಿರುಪಿನಿಂದ ಅರ್ಧ ಬೆರಳಿನಷ್ಟು ದೂರದಲ್ಲಿ ಬರೀ ತಗಡಿನ ಮೇಲೆ ಕೂತಿತ್ತು. ಎರಡನೇ ಮಿಷನ್ನಿನಲ್ಲೂ ಹಾಗೇ. ಮೂರನೆಯದರಲ್ಲಿ ಇನ್ನೂ ಒಂದಿಷ್ಟು ದೂರ.

ಅವರು ಭೂತಗನ್ನಡಿ ಹಿಡಿದುಕೊಂಡೇ ಕಿಟಕಿಯ ಹತ್ತಿರ ಹೋಗಿ ದಪ್ಪ ಪುಸ್ತಕ ತೆರೆದರು. ಹಳೇ ಪುಟಗಳಲ್ಲಿ ಹೊಲಿಗೆಯ ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗಿತ್ತು. ಕಳೆದ ವರ್ಷದಿಂದೀಚೆಗಿನ ಪುಟಗಳಲ್ಲಿ ಗೆರೆ ಕುಂಟುತ್ತ ಬಂದಿತ್ತು. ಎಷ್ಟೋ ಕಡೆ ಹಾರಿತ್ತು, ಅಂಟಿಸಿದ ತುಂಡೇ ಓರೆಯಾಗಿತ್ತು. ಒಂದೊಂದರ ಕೆಳಗೂ ಅವರದೇ ಕೈಬರಹದಲ್ಲಿ ತಾರೀಖು. ತಕರಾರು ಬಂದರೆ ಇರಲಿ ಎಂದು ಇಟ್ಟುಕೊಂಡ ಸಾಕ್ಷಿ.

ಬಲ್ಬು ಕೆಟ್ಟಿರಲಿಲ್ಲ. ಶಾಯಿ ಕಡಿಮೆಯಾಗಿರಲಿಲ್ಲ. ಸೂಜಿ ಮಾಡುವವರು ಜಿಪುಣರಾಗಿರಲಿಲ್ಲ. ಊರೆಲ್ಲವನ್ನೂ ಅನುಮಾನಿಸಿದ ಮೇಸ್ತ್ರಿಗಳು ತಮ್ಮ ಎರಡು ಕಣ್ಣನ್ನು ಮಾತ್ರ ಬಿಟ್ಟುಬಿಟ್ಟಿದ್ದರು. ಅವರಿಗೆ ಭಾನುವಾರದ ತಟ್ಟೆಯ ಪಕ್ಕದ ಬೀಗದ ಕೈ ನೆನಪಾಯಿತು. ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ಕೆಲಸ ಹೋಗುವ ಹೆದರಿಕೆಗಿಂತ, ಅವನು ಇನ್ನು ಬರದೇ ಹೋದರೆ ಎಂಬ ಹೆದರಿಕೆ ದೊಡ್ಡದಿತ್ತು.

ತಮ್ಮ ಫೋನಿನಲ್ಲಿ ಅಳಿಯನ ಹೆಸರು ಹುಡುಕಲು ಆಗದೆ ಮೇಸ್ತ್ರಿಗಳು ಅದನ್ನು ಮೇಡಂ ಅವರ ಕೈಗೆ ಕೊಟ್ಟು ಕರೆ ಮಾಡಿಸಿದರು. ಅತ್ತ ಕಡೆಯಿಂದ "ಹೇಳಿ ಮಾವ" ಎಂಬ ದನಿ ಕೇಳಿತು.

"ಅಳಿಯಂದ್ರೇ" ಎಂದರು. "ಚುಕ್ಕೆ ಪಕ್ಕದಲ್ಲಿ ಬಿದ್ದಿದೆ."

"ಗೊತ್ತು ಮಾವ. ಯಾವ ತಿರುಪನ್ನೂ ಮುಟ್ಬೇಡಿ. ಬರ್ತೀನಿ."

ಅರ್ಧ ಗಂಟೆಯಲ್ಲಿ ಬಂದ. ಯಾರಿಗೂ ಏನೂ ವಿವರಿಸಲಿಲ್ಲ. ಮೇಡಂ ಅವರಿಗೆ "ನಿನ್ನೆ ಮಾವ, ಇವತ್ತು ನಾನು. ಪದ್ಧತಿಯೇ ಹೀಗೆ, ನಾನು ಬರೋದು ತಡ ಆಯ್ತು, ತಪ್ಪು ನಂದೇ" ಎಂದು ಹೇಳಿ ನೆಲದಲ್ಲಿ ಕೂತ. ಮೇಸ್ತ್ರಿಗಳು ಪಕ್ಕದಲ್ಲಿ ಮಂಡಿಯೂರಿ ಫೋನಿನ ಬೆಳಕು ಹಿಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಸ್ಕ್ರೂಡ್ರೈವರನ್ನು ಹಿಡಿ ಮುಂದೆ ಮಾಡಿ ಇನ್ನೊಬ್ಬರ ಕೈಗೆ ಕೊಟ್ಟರು. ಅಳಿಯ ಮೂರನ್ನೂ ಬಿಚ್ಚಿ ಸಂದು ಕೂರಿಸಿ, ಪೂರ್ತಿ ವೇಗದಲ್ಲಿ ಲಂಗದ ದಪ್ಪ ಅಂಚಿನ ಮೇಲೆ ಓಡಿಸಿದ. ಒಂದು ಹೊಲಿಗೆಯೂ ಹಾರಲಿಲ್ಲ. ಆಮೇಲೆ ತಗಡಿನ ಮೇಲೆ ದಾರಿತಪ್ಪಿ ಕೂತಿದ್ದ ಚುಕ್ಕೆಗಳನ್ನು ಉಗುರಿನಿಂದ ಕೆರೆದು ತೆಗೆದು, ಕೈ ಚಾಚಿದ. ಮೇಸ್ತ್ರಿಗಳು ಒಳ ಜೇಬಿನಿಂದ ಶೀಶೆ ತೆಗೆದು ಕೊಟ್ಟರು. ಅವನು ಅದರ ಮುಚ್ಚಳ ಬಿಚ್ಚಿ, ಬಣ್ಣದಲ್ಲಿ ಅದ್ದಿದ ಕುಂಚವನ್ನು ತಿರುಗಿ ಮಾವನ ಕಡೆಗೇ ಹಿಡಿದ.

"ನೀವೇ ಇಡಿ ಮಾವ."

"ಕಾಣಲ್ಲ ಕಣ್ರೀ" ಎಂದರು ಮೇಸ್ತ್ರಿಗಳು. ಆ ಮಾತನ್ನು ಅವರು ತಮ್ಮಷ್ಟಕ್ಕೆ ತಾವೂ ಅದುವರೆಗೆ ಹೇಳಿಕೊಂಡಿರಲಿಲ್ಲ.

ಅಳಿಯ ಅವರ ಮಣಿಕಟ್ಟು ಹಿಡಿದು ತಿರುಪಿನ ಮೇಲಕ್ಕೆ ತಂದ. ಒಂದೊಂದಾಗಿ, ಎಲ್ಲ ತಿರುಪಿಗೂ, ಹಾಗೇ ಚುಕ್ಕೆ ಇಡಿಸಿದ. ಮೇಡಂ ಆಮೇಲೆ ನಲವತ್ತಕ್ಕೂ ಒಪ್ಪಿಕೊಂಡರು. "ಆದ್ರೆ ಎರಡನೇ ದಿನದ ಭೇಟಿ ತಪ್ಬಾರ್ದು" ಎಂದು ಎರಡು ಸಲ ಹೇಳಿದರು.

ಮನೆಯ ಕಡೆ ನಡೆಯುವಾಗ ಸಾಮಾನಿನ ಚೀಲ ಅಳಿಯನ ಹೆಗಲಲ್ಲಿತ್ತು. ರಸ್ತೆ ದಾಟುವಲ್ಲಿ ಮೇಸ್ತ್ರಿಗಳು ಅವನ ತೋಳು ಹಿಡಿದರು, ದಾಟಿದ ಮೇಲೂ ಬಿಡಲಿಲ್ಲ.

"ನಿಮ್ಮನ್ನ ಕಳ್ಳ ಅಂದ್ಬಿಟ್ಟೆ" ಎಂದರು.

"ಬಿಡಿ ಮಾವ."

"ಬಿಡೋದಲ್ಲ. ಅವತ್ತು ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಸ್ಕ್ರೂಡ್ರೈವರ್ ಕೆಳಗೆ ಇಟ್ಬಿಡ್ತಿದ್ರಿ. ಆಮೇಲೆ ಡಾಕ್ಟ್ರ ಹತ್ರ ಹೋಗೋಣ ಅಂದ್ರೂ ಡಾಕ್ಟ್ರನ್ನ ನಂಬ್ತಿರ್ಲಿಲ್ಲ."

ಅದು ನಿಜವೇ. ಬೀದಿಯ ತಿರುವು ಬಂದಾಗ ಮೇಸ್ತ್ರಿಗಳು ನಿಂತರು.

"ನಡೀತಿರೋ ಫ್ಯಾಕ್ಟರಿ ಯಾಕೆ ಬಿಟ್ರಿ?"

"ಅತ್ತೆ ಒಂದಿನ ಮನೆಗೆ ಬಂದು ಅತ್ರು. ನೀವು ದಾರ ಪೋಣಿಸೋಕೆ ಕಾಲು ಗಂಟೆ ಕೂತಿದ್ದನ್ನ ಬಾಗಿಲ ಸಂದಿಯಿಂದ ನೋಡಿದ್ರಂತೆ. ಬೇರೆ ಯಾರನ್ನೂ ನೀವು ಅಂಗಡಿಯೊಳಗೆ ಬಿಡಲ್ಲ. ಅಳಿಯನಿಗಾದ್ರೆ ಬೇಡ ಅನ್ನೋಕಾಗಲ್ಲ ಅಂತ ಅತ್ತೆನೇ ಉಪಾಯ ಹೇಳಿದ್ರು."

"ಅಂದ್ರೆ ನಿಮ್ಮತ್ತೆಗೆ ಮೊದಲಿಂದ್ಲೂ ಗೊತ್ತು. ನನ್ನ ಮಗಳಿಗೂ ಗೊತ್ತು."

"ಹೂಂ."

"ರವಿಕೆಯವಳಿಗೆ? ಪರದೆ ಟೈಲರಿಗೆ?"

ಅಳಿಯ ತಡವರಿಸಿ, "ಹೂಂ, ಆಮೇಲಾಮೇಲೆ ಅವರಿಗೂ ತಿಳೀತು" ಎಂದ.

ಮೇಸ್ತ್ರಿಗಳು ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಕಣ್ಣು ತುಂಬಿಕೊಂಡು, ಇದ್ದ ಅಷ್ಟಿಷ್ಟು ಬೀದಿಯೂ ಕಾಣದಂತಾಯಿತು. ಮೂಗು ಒರೆಸಿಕೊಂಡು, ಸ್ವಲ್ಪ ಗತ್ತಿನಿಂದಲೇ ಹೇಳಿದರು:

"ನೀವೆಲ್ಲ ಸೇರ್ಕೊಂಡು ನನ್ನಿಂದ ಏನೋ ಮುಚ್ಚಿಡ್ತಿದ್ದೀರ ಅಂತ ನನಗೆ ಅನುಮಾನ ಇದ್ದೇ ಇತ್ತು."